‘ಪ್ರೊಕ್ಯೂರ್’ ಅಂದ್ರೆ ಬರೀ ಖರೀದಿನಾ?

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ):
ಅಕ್ಕಿ ಮಿಲ್ಲಲ್ಲಿ ಲೆಕ್ಕ ಬರೀತೀನಿ. ಗೋಣಿಚೀಲಕ್ಕೆ ಇಂಗ್ಲಿಷಲ್ಲಿ ಮೇಲ್ ಹಾಕುವಾಗ ‘ಬೈ’ ಬದಲು ‘ಪ್ರೊಕ್ಯೂರ್’ ಅಂತ ಬರಿಯಮ್ಮ ಅಂದ್ರು ಸಾಹುಕಾರ್ರು. ಬರೆದೆ. ಆಮೇಲೆ ಖರ್ಚಿನ ಪಟ್ಟಿಯಲ್ಲಿ ಹಮಾಲರಿಗೆ ತರಿಸಿದ ಮಂಡಕ್ಕಿ-ಮಿರ್ಚಿಗೂ ಅದೇ ಪದ ಹಾಕಿದ್ದಕ್ಕೆ ಆಡಿಟರ್ ಕೆಂಪು ಗೆರೆ ಎಳೆದ್ರು. ಎರಡೂ ದುಡ್ಡು ಕೊಟ್ಟು ತಂದದ್ದೇ ಅಲ್ವಾ?

ಉತ್ತರ (ವಿನೋಬನಗರ):
ತಂಗಿ, ನಾನು 22 ವರ್ಷ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ. ‘ಪರ್ಚೇಸ್’ ಅಂದ್ರೆ ದುಡ್ಡು ಕೊಟ್ಟು ಮಾಲು ಕೊಳ್ಳುವ ಹೆಜ್ಜೆ. ‘ಪ್ರೊಕ್ಯೂರ್‌ಮೆಂಟ್’ ಅದಕ್ಕಿಂತ ಬಹಳ ಮುಂಚೆ ಶುರುವಾಗುತ್ತೆ: ಎಷ್ಟು ಚೀಲ ಬೇಕು, ಯಾವ ಅಳತೆ, ಮೂರು ಕಡೆ ಕೊಟೇಶನ್, ದರದ ಮಾತು, ಆರ್ಡರ್. ಮಾಲು ಬಂದ ಮೇಲೆ ಒಂದೊಂದು ಕಟ್ಟು ಬಿಚ್ಚಿ ಎಣಿಸಿ ಹರಿದದ್ದನ್ನು ವಾಪಸ್ ಕಳಿಸೋದೂ ಅದರಲ್ಲೇ ಬರುತ್ತೆ. ಮೂಲ ಲ್ಯಾಟಿನ್ನಿನ ‘ಪ್ರೊಕುರಾರೆ’, ಇನ್ನೊಬ್ಬರ ಪರವಾಗಿ ಕೆಲಸ ನೋಡಿಕೊಳ್ಳುವುದು. ಆ ಜವಾಬ್ದಾರಿ ಪದದೊಳಗೇ ಕೂತಿದೆ, ನನಗೆ ಅದಕ್ಕೇ ಇದು ಇಷ್ಟ. ಮಂಡಕ್ಕಿಗೆ ‘ಬಾಟ್’ ಸಾಕಮ್ಮ.

ಉತ್ತರ (ಜಗಳೂರು):
ಸರ್ಕಾರಿ ಕನ್ನಡದಲ್ಲಿ ಇದು ‘ಸಂಗ್ರಹಣೆ’. ಟೆಂಡರಿಗೆ ಅನ್ವಯಿಸುವ 1999ರ ಕಾಯ್ದೆಯ ಹೆಸರಲ್ಲೇ ‘ಸಾರ್ವಜನಿಕ ಸಂಗ್ರಹಣೆ’ ಅಂತಿದೆ. ಆದ್ರೆ ಬೆಂಬಲ ಬೆಲೆಗೆ ನಾವು ರಾಗಿ ಹಾಕೋ ಜಾಗಕ್ಕೆ ‘ಖರೀದಿ ಕೇಂದ್ರ’ ಅಂತೀವಿ. ಇಂಗ್ಲಿಷಲ್ಲಿ ಅದೂ ಪ್ರೊಕ್ಯೂರ್‌ಮೆಂಟೇ. ರೈತನಿಗೆ ‘ಖರೀದಿ’ಯೇ ತಿಳಿಯೋದು, ಅದನ್ನೇ ಉಳಿಸಬೇಕು.

ಪ್ರಶ್ನೆ ಕೇಳಿದವರು:
ಅಣ್ಣ, ಈಗ ಬಿಡಿಸಿದಂಗಾಯ್ತು. ಚೀಲದ ಮೇಲ್ ಹಾಗೇ ಬಿಡ್ತೀನಿ, ಪಟ್ಟಿ ಮಾತ್ರ ತಿದ್ದಿ ಸೋಮವಾರ ಕೊಡ್ತೀನಿ.