ಅಪ್‌ಡೇಟ್: ಕಿಲೌಯಾ ಜ್ವಾಲಾಮುಖಿ, ಜಲಪಾತಗಳ ಟೂರ್ ಮುಗಿಸಿ ಬಂದೆವು

ಹವಾಯಿಯ ಬಿಗ್ ಐಲ್ಯಾಂಡ್‌ನಲ್ಲಿ ಕಾರು ಬಾಡಿಗೆಗೆ ತಗೊಳ್ಳೋದಾ, ಗೈಡ್ ಇರುವ ಒಂದು ದಿನದ ಟೂರ್ ಬುಕ್ ಮಾಡೋದಾ ಅಂತ ಕೇಳಿದ್ದೆ. ಅಮ್ಮ ಜೊತೆಗಿದ್ದರು, ಹಾಗಾಗಿ ಟೂರ್‌ಗೇ ಹೋದೆವು. ಒಳ್ಳೆಯದೇ ಆಯ್ತು.

ಸ್ವೆಟರ್ ಇಟ್ಕೊಳ್ಳಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಕಿಲೌಯಾ ಶಿಖರ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಕಡಲ ತೀರದಲ್ಲಿ ಸೆಖೆ, ಮೇಲೆ ಚಳಿ, ಜಿಟಿಜಿಟಿ ಮಳೆ. ನಾವು ಹೋದ ದಿನ ಕೆಂಪು ಲಾವಾ ಕಾಣಲಿಲ್ಲ, ಮೊದಲು ಬೇಸರವಾಯ್ತು. ಆದರೆ ಅಲ್ಲಿ ನೆಲದ ಬಿರುಕುಗಳಿಂದ ಆವಿ ಏಳುತ್ತದೆ. ಇಳಿದುಹೋದ ಮಳೆನೀರು ಒಳಗಿನ ಬಿಸಿ ಬಂಡೆ ತಾಗಿ ಹಾಗೆ ಮೇಲೆ ಬರುತ್ತದೆ. ಅಮ್ಮ ಕಂಬಿ ಹಿಡಿದು ನಿಂತರು. ಕನ್ನಡಕ ಪೂರ್ತಿ ಮಂಜಾಯ್ತು. ಒರೆಸಿಕೊಳ್ಳದೆ ಹಾಗೇ ನಿಂತಿದ್ದರು. ನನಗೆ ಅಷ್ಟೇ ಸಾಕಾಯ್ತು.

ಅಕಾಕಾ ಜಲಪಾತ 135 ಮೀಟರ್ ಎತ್ತರ, ನೋಡಲೇಬೇಕು. ಮೆಟ್ಟಿಲು ಜಾಸ್ತಿ, ಮೊಣಕಾಲು ನೋವಿದ್ದವರು ನಿಧಾನಕ್ಕೆ ನಡೀರಿ. ರೇನ್‌ಬೋ ಜಲಪಾತ ಪಾರ್ಕಿಂಗ್ ಹತ್ತಿರದಿಂದಲೇ ಕಾಣುತ್ತದೆ. ಕಾಮನಬಿಲ್ಲು ಬೇಕಿದ್ದರೆ ಬೆಳಿಗ್ಗೆಯೇ ಹೋಗಬೇಕು, ನಾವು ತಲುಪಿದ್ದು ಮಧ್ಯಾಹ್ನ.

ಅಸ್ತಮಾ ಇದ್ದವರು ಹೊರಡುವ ಮೊದಲು ಗಂಧಕದ ಹೊಗೆ ಎಷ್ಟಿದೆ ಅಂತ ವಿಚಾರಿಸಿಕೊಳ್ಳಿ.