ಗುಹೆಗೆಂದು ಟಾರ್ಚು ತಂದವನು

ಗುಂಡ ಟಾರ್ಚು ತಂದಿದ್ದ. ಅಕ್ಟೋಬರ್ ತಿಂಗಳ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಇವನ ಕೈಯಲ್ಲಿ ಮೊಳದುದ್ದದ ಟಾರ್ಚು.

"ಇದ್ಯಾಕೋ?" ಅಂದೆ.

"ಸಂಜೆ ನೋಡೋದು ಏನು? ಗ್ರೊಟ್ಟೆ ದಿ ಕತುಲ್ಲೊ. ಗ್ರೊಟ್ಟೆ ಅಂದ್ರೆ ಗುಹೆಗಳು. ನಿಘಂಟು ನೋಡಿದೀನಿ. ಒಳಗೆ ಎಡವಿದ್ರೆ ಆಮೇಲೆ ಗುಂಡ, ಗುಂಡ ಅಂತ ಕೂಗ್ಬೇಡಿ."

ಮೇಷ್ಟ್ರು ಮೀಸೆಯೊಳಗೇ ನಕ್ಕರು, ಬಾಯಿ ಬಿಡಲಿಲ್ಲ. ಅವರಿಗೆ ಗೊತ್ತಿರುವುದನ್ನು ಅವರು ಬೇಕಾದಾಗ ಹೇಳುವುದಿಲ್ಲ, ಬೇಡವಾದಾಗ ನಿಲ್ಲಿಸುವುದಿಲ್ಲ.

ನಾವಿದ್ದದ್ದು ಇಟಲಿಯ ಗಾರ್ಡಾ ಸರೋವರದ ದಕ್ಷಿಣ ದಂಡೆಯಲ್ಲಿ, ದೆಸೆಂಜಾನೊ ಊರಿನಲ್ಲಿ. ಅಲ್ಲಿಂದ ನೀರಿನ ಪಕ್ಕದಲ್ಲೇ ನಡೆದು ಸಿರ್ಮಿಯೋನೆ ಸೇರಬೇಕು ಅನ್ನೋದು ಮೇಷ್ಟ್ರ ಯೋಜನೆ. "ಬರೀ 10 ಕಿಲೋಮೀಟರ್" ಅಂದಿದ್ದರು. ಈ 'ಬರೀ' ಅನ್ನುವ ಮಾತನ್ನು ಪದ್ಮಕ್ಕ ಅವತ್ತಿಡೀ ಮರೆಯಲಿಲ್ಲ.

"ಅಲ್ಲ ಮೇಷ್ಟ್ರೇ, ದೋಣಿ ಇದೆಯಲ್ಲ?"

"ಇದೆ. ಇಪ್ಪತ್ತು ನಿಮಿಷದಲ್ಲಿ ತಲುಪಿಸುತ್ತೆ. ಆದ್ರೆ ದೋಣೀಲಿ ಹೋದ್ರೆ ಊರು ಸಿಗುತ್ತೆ, ದಾರಿ ಸಿಗಲ್ಲ."

"ನಂಗೆ ಊರೇ ಸಾಕಾಗಿತ್ತು" ಅಂದರು ಪದ್ಮಕ್ಕ.

ಹೊರಡುವ ಮೊದಲೇ ಎರಡು ಕಡೆ ನಿಂತೆವು. ಮೊದಲು ಊರ ಮಧ್ಯದ ರೋಮನ್ ಮನೆ. 1921ರಲ್ಲಿ ನೆಲ ಅಗೆದಾಗ ಸಿಕ್ಕಿದ್ದು. ಗೋಡೆಗಳು ಅಷ್ಟಾಗಿ ಉಳಿದಿಲ್ಲ, ಆದರೆ ನೆಲ ಹಾಗೇ ಇದೆ. ಬಣ್ಣಬಣ್ಣದ ಚೂರುಕಲ್ಲು ಜೋಡಿಸಿದ ಚಿತ್ರ. ರೆಕ್ಕೆ ಇರುವ ಗುಂಡುಗುಂಡು ಹುಡುಗರು ದೋಣಿಯಲ್ಲಿ ಕೂತು ಮೀನು ಹಿಡಿಯುತ್ತಿದ್ದಾರೆ. ಇನ್ನೊಂದು ಕಡೆ ದ್ರಾಕ್ಷಿ ಕೊಯ್ಯುತ್ತಿದ್ದಾರೆ. ಒಂದೊಂದು ಕಲ್ಲೂ ಬೆರಳಿನ ಉಗುರಿಗಿಂತ ಚಿಕ್ಕದು. ಪದ್ಮಕ್ಕ ಬಗ್ಗಿ ತುಂಬಾ ಹೊತ್ತು ನೋಡಿದರು.

"ಗೋಡೆ ಹೋಗಿ ನೆಲ ಉಳಿದಿದೆ. ಇದನ್ನ ಒರೆಸ್ತಾ ಇದ್ದವಳ ಸೊಂಟದ ಕಥೆ ಎಲ್ಲೂ ಬರೆದಿಲ್ಲ ಅಲ್ವಾ?"

ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಅಂಥದ್ದು ಅಪರೂಪ.

ಆಮೇಲೆ ಮ್ಯೂಸಿಯಂ. ಅಲ್ಲೊಂದು ನೇಗಿಲು ಇದೆ. ಓಕ್ ಮರದ್ದು, ಸುಮಾರು 4000 ವರ್ಷ ಹಳೆಯದು. ಪಕ್ಕದ ಲವಾನ್ಯೋನೆ ಎಂಬ ಜೌಗಿನಲ್ಲಿ ಸಿಕ್ಕಿತಂತೆ. ಆಗ ಜನ ನೀರಂಚಿನಲ್ಲಿ ಕಂಬ ನೆಟ್ಟು, ಅದರ ಮೇಲೆ ಮನೆ ಕಟ್ಟಿಕೊಂಡಿದ್ದರು. ಕೆಸರೊಳಗೆ ಗಾಳಿ ಆಡದ ಕಾರಣ ಮರ ಕೊಳೆಯಲಿಲ್ಲ.

"ನಾಲ್ಕು ಸಾವಿರ ವರ್ಷ! ನಮ್ಮ ಮನೆ ಬಾಗಿಲು ನಾಲ್ಕು ಮಳೆಗಾಲಕ್ಕೆ ಹೋಯ್ತು" ಅಂದ ಗುಂಡ.

"ಬಾಗಿಲನ್ನ ಕೆಸರಲ್ಲಿ ಹೂಳಬೇಕಿತ್ತು."

"ಆಮೇಲೆ ಒಳಗೆ ಹೋಗೋದು ಹೇಗೆ?"

ಅಂತೂ ಹೊರಟೆವು. ರಿವೊಲ್ಟೆಲ್ಲಾ ತನಕ ದಾರಿ ಸುಖವಾಗಿದೆ. ಎಡಗಡೆ ನೀರು, ಬಲಗಡೆ ಮನೆಗಳು, ನಡುವೆ ನಾವು. ಅದು ಸರೋವರ ಅಂತ ನಂಬೋದೇ ಕಷ್ಟ. ಉತ್ತರಕ್ಕೆ ನೋಡಿದರೆ ಬೆಟ್ಟಗಳ ನಡುವೆ ನೀರು ಹೋಗ್ತಾನೇ ಇರುತ್ತೆ. ಇಟಲಿಯಲ್ಲೇ ದೊಡ್ಡದು, ಸುಮಾರು 370 ಚದರ ಕಿಲೋಮೀಟರ್. ಹಿಮನದಿ ಕೊರೆದ ತಗ್ಗು.

"ಆಳ ಎಷ್ಟು?" ಅಂತ ಗುಂಡ ಕೇಳಿಬಿಟ್ಟ.

"346 ಮೀಟರ್. ಈ ನೀರಿನ ಮಟ್ಟ ಸಮುದ್ರಕ್ಕಿಂತ ಬರೀ 65 ಮೀಟರ್ ಮೇಲಿದೆ. ಅಂದ್ರೆ ಇದರ ತಳ ಸಮುದ್ರ ಮಟ್ಟಕ್ಕಿಂತ..."

"ಮತ್ತೆ 'ಬರೀ'!" ಅಂದರು ಪದ್ಮಕ್ಕ.

ಗುಂಡ ದಂಡೆಯಿಂದ ಎರಡು ಹೆಜ್ಜೆ ಒಳಗೆ ಸರಿದು ನಡೆಯತೊಡಗಿದ.

ರಿವೊಲ್ಟೆಲ್ಲಾ ದಾಟಿದ ಮೇಲೆ ಕಾಲುದಾರಿ ಕಣ್ಣಾಮುಚ್ಚಾಲೆ ಆಡುತ್ತೆ. ಸ್ವಲ್ಪ ದೂರ ನೀರಿನ ಪಕ್ಕ, ಸ್ವಲ್ಪ ದೂರ ಕಾರುಗಳ ಪಕ್ಕ. ಇದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಸಾಲಾಗಿ ನಡೆದೆವು, ಬಾಯಿ ಮುಚ್ಚಿಕೊಂಡು. ಕೊಲೊಂಬಾರೆ ಹತ್ತಿರ ಸಿರ್ಮಿಯೋನೆಯ ನಾಲಿಗೆ ಶುರು. ನಾಲಿಗೆ ಅಂತಲೇ ಹೇಳಬೇಕು. ಸರೋವರದೊಳಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ಚಾಚಿಕೊಂಡ ಸಪೂರ ನೆಲ. ತುದಿಯಲ್ಲಿ ಹಳೇ ಊರು, ಅದರ ಬಾಗಿಲಲ್ಲಿ ಕೋಟೆ. ಸುತ್ತ ನೀರು, ಸೇತುವೆ ದಾಟಿಯೇ ಒಳಗೆ ಹೋಗಬೇಕು. ಒಳಗೊಂದು ಕೊಳದಂಥ ಜಾಗಕ್ಕೂ ಗೋಡೆ ಕಟ್ಟಿದ್ದಾರೆ. ಅದು ಹಡಗು ನಿಲ್ಲಿಸುವ ಕೊಟ್ಟಿಗೆ. ಕಟ್ಟಿಸಿದವರು ವೆರೋನಾದ ದೊರೆಗಳಾದ ದೆಲ್ಲಾ ಸ್ಕಾಲಾ ಮನೆತನದವರು. ಸ್ಕಾಲಾ ಅಂದ್ರೆ ಏಣಿ, ಅವರ ಲಾಂಛನದಲ್ಲೂ ಏಣಿಯೇ.

"ಏಣಿಯವರು ಕಟ್ಟಿದ ಕೋಟೇಲಿ ಲಿಫ್ಟ್ ಕೇಳೋ ಹಾಗೂ ಇಲ್ಲ" ಅಂದ ಗುಂಡ, ಗೋಪುರದ ಮೆಟ್ಟಿಲು ನೋಡಿ.

ಮುಂದೆ ಎಲ್ಲಿಂದಲೋ ಗಂಧಕದ ವಾಸನೆ. ಮೊದಲು ಎಲ್ಲರೂ ಗುಂಡನ ಬೂಟು ನೋಡಿದೆವು. ಪಾಪ, ಅವನದಲ್ಲ. ಅಲ್ಲಿ ಸರೋವರದ ತಳದಲ್ಲೇ ಬಿಸಿನೀರಿನ ಬುಗ್ಗೆ ಇದೆ. 1889ರಲ್ಲಿ ವೆನಿಸ್‌ನಿಂದ ಬಂದ ಮುಳುಗುಗಾರನೊಬ್ಬ ಕೆಳಗಿಳಿದು ಅದರ ಬಾಯಿಗೆ ಕೊಳವೆ ಕೂರಿಸಿದ. 69 ಡಿಗ್ರಿ ನೀರು. ಊರಿನ ಬಿಸಿನೀರಿನ ಸ್ನಾನಗೃಹಗಳು ಶುರುವಾದದ್ದೇ ಅದರಿಂದ.

ಕೊನೆಗೆ ಗುಹೆ. ಟಿಕೆಟ್ ತಗೊಂಡು ಒಳಗೆ ಹೋದರೆ ಆಲಿವ್ ತೋಪು. ಸಾವಿರಕ್ಕೂ ಜಾಸ್ತಿ ಮರ, ಕೆಳಗೆ ಒಣಹುಲ್ಲು, ಗಾಳಿ ಬೀಸಿದಾಗ ಎಲೆಗಳ ಬೆಳ್ಳಿಬೆನ್ನು ಮಿಂಚುತ್ತೆ. ಆಚೆ, ನೆಲ ಮುಗಿಯುವಲ್ಲಿ, ಭಾರಿ ಕಮಾನುಗಳು, ಮುರಿದ ಕಂಬಗಳು, ಆಕಾಶ. ಪೂರ್ತಿ ಬಯಲು. ಗುಂಡ ಟಾರ್ಚು ಹಿಡಿದು ಸುತ್ತ ನೋಡಿದ.

"ಗುಹೆ ಎಲ್ಲಿ?"

ಮೇಷ್ಟ್ರು ಬೆಳಿಗ್ಗೆಯಿಂದ ಕಾದದ್ದು ಈ ಗಳಿಗೆಗೇ. "ಗುಹೆ ಇಲ್ಲ ಗುಂಡ. ಇದೂ ರೋಮನ್ ಬಂಗಲೆ. 167 ಮೀಟರ್ ಉದ್ದ, 105 ಮೀಟರ್ ಅಗಲ. ಮಣ್ಣು ಮುಚ್ಚಿ ಗಿಡಗಂಟೆ ಬೆಳೆದಿದ್ದಾಗ ಕುಸಿದ ಕಮಾನುಗಳು ಗುಹೆ ಥರ ಕಂಡವು. ಜನ ಗುಹೆ ಅಂದರು, ಹೆಸರು ಅಂಟಿಕೊಂಡಿತು."

"ಹೋಗಲಿ, ಆ ಕತುಲ್ಲಸ್ ಅನ್ನೋನ ಬಂಗಲೆ ತಾನೇ?"

"ಅದೂ ಅಲ್ಲ. ಆ ರೋಮನ್ ಕವಿ ತೀರಿಕೊಂಡಿದ್ದು ಕ್ರಿ.ಪೂ. 54ರ ಸುಮಾರಿಗೆ. ಇದನ್ನ ಕಟ್ಟಿದ್ದು ಅವನು ಹೋದ ಮೇಲೆ."

"ಅಂದ್ರೆ ಕತುಲ್ಲಸನ ಗುಹೆಗಳು ಅನ್ನೋದ್ರಲ್ಲಿ ಕತುಲ್ಲಸನೂ ಇಲ್ಲ, ಗುಹೇನೂ ಇಲ್ಲ!" ಗುಂಡನ ದನಿ ಏರಿತು. "ಬೆಳಿಗ್ಗೆಯೇ ಗೊತ್ತಿತ್ತಲ್ವಾ ನಿಮಗೆ?"

"ನೀನು ಕೇಳಲಿಲ್ಲ."

ಸಮಾಧಾನಕ್ಕೆಂದು ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. ಕತುಲ್ಲಸನಿಗೆ ಸಿರ್ಮಿಯೋನೆಯಲ್ಲಿ ಮನೆ ಇದ್ದದ್ದು ನಿಜವಂತೆ. ಬಿಥಿನಿಯಾದಿಂದ, ಅಂದರೆ ಈಗಿನ ಟರ್ಕಿ ಕಡೆಯಿಂದ, ಸುಸ್ತಾಗಿ ವಾಪಸ್ ಬಂದವನು ಈ ಊರಿನ ಮೇಲೆ ಪದ್ಯ ಬರೆದ. ಅದರಲ್ಲಿ ಅವನು ಹಿಗ್ಗುವುದು ಯಾತಕ್ಕೆ ಅಂದರೆ, ತಿರುಗಾಟ ಮುಗಿಸಿ ತನ್ನ ಸ್ವಂತ ಹಾಸಿಗೆ ಮೇಲೆ ಮಲಗುವುದಕ್ಕೆ.

ಪದ್ಮಕ್ಕ ಮುರುಕು ಗೋಡೆಯ ನೆರಳಲ್ಲಿ ಕಾಲು ಚಾಚಿದರು. "ಇವನೊಬ್ಬ ಕವಿ. ಇವನನ್ನ ನಾನು ಒಪ್ತೀನಿ."

ಅಲ್ಲೇ ಪಕ್ಕದಲ್ಲಿ ಉದ್ದನೆಯ ಓಣಿಯ ಪಾಯ ಇತ್ತು. ಬಿಸಿಲು ಮಳೆ ಎರಡೂ ತಾಗದ ಹಾಗೆ ಮಾಡು ಹೊದಿಸಿ, ಆ ಮನೆಯವರು ಅದರೊಳಗೆ ವಾಕಿಂಗ್ ಮಾಡ್ತಿದ್ದರಂತೆ. ಪದ್ಮಕ್ಕ ಮೇಷ್ಟ್ರ ಕಡೆ ಒಂದು ಸಲ ನೋಡಿದರು, ಅಷ್ಟೇ.

ಮರಳುವಾಗ ನಡಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ದೋಣಿಗಟ್ಟೆ ಖಾಲಿ ಇತ್ತು, ಕೊನೆಯ ದೋಣಿ ಹೋಗಿಯಾಗಿತ್ತು. ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಕತ್ತಲು. ವೇಳಾಪಟ್ಟಿ ಕಂಬದ ಮೇಲಿದೆ, ದೀಪ ಮಾತ್ರ ದೂರದಲ್ಲಿದೆ. ದಿನವಿಡೀ ಫೋಟೋ ತೆಗೆದು ಮೂವರ ಫೋನೂ ಸತ್ತಿದ್ದವು. ಗುಂಡನದನ್ನು ಅವನು ರೂಮಿನಲ್ಲೇ ಮರೆತು ಬಂದಿದ್ದ.

ಗುಂಡ ಏನೂ ಮಾತಾಡದೆ ಟಾರ್ಚು ಹಾಕಿದ. ಬೆಳಕು ಪಟ್ಟಿಯ ಮೇಲೆ ಬಿತ್ತು. ಎರಡು ಸಾಲು, ಒಂದರ ಮೇಲೆ ಫೆರಿಯಾಲಿ, ಇನ್ನೊಂದರ ಮೇಲೆ ಫೆಸ್ತಿವಿ.

"ಫೆರಿಯಾಲಿ ನೋಡು" ಅಂದರು ಮೇಷ್ಟ್ರು. "ಲ್ಯಾಟಿನ್‌ನಲ್ಲಿ ಫೆರಿಯಾ ಅಂದ್ರೆ ರಜೆ. ಇವತ್ತು ಭಾನುವಾರ. ಫೆಸ್ತಿವಿ ಅಂದ್ರೆ ಹಬ್ಬಕ್ಕೆ ಇರಬೇಕು. ಇನ್ನು ಹತ್ತೇ ನಿಮಿಷ."

ಹತ್ತು ನಿಮಿಷ ಆಯಿತು. ಇಪ್ಪತ್ತಾಯಿತು. ಪಕ್ಕದ ಬೆಂಚಿನ ಅಜ್ಜಿಯೊಬ್ಬರು ನಮ್ಮನ್ನು ನೋಡಿ ನೋಡಿ ಕೊನೆಗೆ ಎದ್ದು ಬಂದು, ಪಟ್ಟಿಯ ಮೇಲೆ ಬೆರಳಿಟ್ಟು, ನಿಧಾನವಾಗಿ ತಿಳಿಸಿದರು. ಇಟಾಲಿಯನ್‌ನಲ್ಲಿ ಫೆರಿಯಾಲಿ ಅಂದರೆ ಕೆಲಸದ ದಿನಗಳು. ಭಾನುವಾರಕ್ಕೆ ಫೆಸ್ತಿವಿ ನೋಡಬೇಕು. ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ.

ಯಾರೂ ಮಾತಾಡಲಿಲ್ಲ. ಗುಂಡ ಟಾರ್ಚನ್ನು ಮೆಲ್ಲಗೆ ಎತ್ತಿ ಮೇಷ್ಟ್ರ ಮುಖಕ್ಕೆ ಬಿಟ್ಟ.

"ಬರೀ ಮುಕ್ಕಾಲು ಗಂಟೆ" ಅಂದ.