ಹೊಸ ಕ್ಯಾನನ್ ಆರ್10 ಕ್ಯಾಮೆರಾ: ಮೊದಲ ವಾರದ ಪರೀಕ್ಷೆ ಹೇಗೆ? ಮುಂದಿನ ಲೆನ್ಸ್ ಯಾವುದು?

ಕ್ಯಾತ್ಸಂದ್ರ_ಕ್ಲಿಕ್:

ಕ್ಯಾನನ್ ಆರ್10 ಬಾಡಿ, ಜೊತೆಗೆ ಆರ್‌ಎಫ್-ಎಸ್ 18-150 ಕಿಟ್ ಲೆನ್ಸ್ ತಗೊಂಡಾಯ್ತು (ಸಂಖ್ಯೆಗಳು ಮಿಲಿಮೀಟರ್, ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ). ಹಳೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ಕಾಲದ ಇಎಫ್-ಎಸ್ 55-250 ಎಸ್‌ಟಿಎಂ, ಇಎಫ್ 50 ಎಫ್/1.8 ಎಸ್‌ಟಿಎಂ ಮನೇಲಿವೆ, ಅವನ್ನ ಈ ಬಾಡಿಗೆ ಕೂರಿಸೋ ಅಡಾಪ್ಟರ್ ಇನ್ನೂ ತಂದಿಲ್ಲ. ದೋಷ ಕಂಡರೆ ಏಳು ದಿನದೊಳಗೆ ಬದಲಿಸಿ ಕೊಡ್ತೀವಿ ಅಂದಿದ್ದಾರೆ ಅಂಗಡಿಯವರು. ಅಷ್ಟರಲ್ಲಿ ಏನೇನು ನೋಡಬೇಕು?

ಇನ್ನೊಂದು ಲೆನ್ಸಿಗೆ ದುಡ್ಡಿದೆ, ಒಂದಕ್ಕೆ ಮಾತ್ರ. ಆರ್‌ಎಫ್ 100-400 ಎಫ್/5.6-8 ತಗೊಳ್ಳೋದಾ, ಸಿಗ್ಮಾ 18-50 ಎಫ್/2.8 ತಗೊಳ್ಳೋದಾ? ತೆಗೆಯೋದು ಶಿರಾ ಕಡೆಯ ಕಗ್ಗಲಡುವಿನ ಬಣ್ಣದ ಕೊಕ್ಕರೆ, ಮಧುಗಿರಿ ಕಡೆಯ ಮೈದನಹಳ್ಳಿಯ ಕೃಷ್ಣಮೃಗ, ದೇವರಾಯನದುರ್ಗದ ಬೆಟ್ಟ, ಮತ್ತೆ ನೆಂಟರ ಮದುವೆ, ನಾಮಕರಣ. ಹಾಂ, 150ರಲ್ಲಿ ತೆಗೆದ ದೂರದ ಫೋಟೋಗಳು ಪೂರ್ತಿ ಹಿಗ್ಗಿಸಿ ನೋಡಿದ್ರೆ ಮೆತ್ತಗೆ ಕಾಣ್ತಿವೆ. ಲೆನ್ಸ್ ಕೆಟ್ಟದ್ದು ಸಿಕ್ಕಿದೆಯಾ?

ಹುಣಸೆಮರ:

ದೂರದ್ದು ಮೆತ್ತಗಿದೆ ಅಂತ ಲೆನ್ಸ್ ಮೇಲೆ ಗೂಬೆ ಕೂರಿಸಬೇಡಿ ಸರ್, ಮೊದಲು ಗಾಳಿಯನ್ನ ವಿಚಾರಿಸಿ. ಹೊತ್ತು ಏರಿದ ಮೇಲೆ ನಮ್ಮ ಬಯಲುಸೀಮೆ ನೆಲ ಕಾಯುತ್ತೆ, ಅದರ ಮೇಲಿನ ಗಾಳಿ ಕುದಿಯೋಕೆ ಶುರುವಾಗುತ್ತೆ. ಆ ಝಳದ ಮೂಲಕ ನೂರಿನ್ನೂರು ಮೀಟರ್ ಆಚೆಯದನ್ನ ಲಕ್ಷಾಂತರ ರೂಪಾಯಿ ಲೆನ್ಸೂ ಚೂಪಾಗಿ ಕೊಡಲ್ಲ. ಪತ್ತೆ ಹಚ್ಚೋದು ಸುಲಭ. ಟ್ರೈಪಾಡ್ ಮೇಲಿಟ್ಟು, ಶಟರ್ 1/1000 ಸೆಕೆಂಡ್, ಒಂದೇ ಫ್ರೇಮನ್ನ ಹತ್ತು ಸಲ ತೆಗೀರಿ. ಒಂದು ಚೂಪು, ಇನ್ನೊಂದು ಕಲಸಿದ ಹಾಗೆ, ಕರೆಂಟ್ ಕಂಬದ ಅಂಚು ಅಲೆಅಲೆ ಅಂದ್ರೆ ಅದು ಗಾಳಿಯ ಕೆಲಸ. ಹತ್ತೂ ಒಂದೇ ಥರ ಮೆತ್ತಗಿದ್ರೆ ಮಾತ್ರ ಲೆನ್ಸ್ ಕಡೆ ತಿರುಗಿ.

ಲೆನ್ಸ್ ಪರೀಕ್ಷೆಗೆ ಎಲ್ಲರೂ ಇಟ್ಟಿಗೆ ಗೋಡೆ ಅಂತಾರೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಕ್ಯಾಮೆರಾ ಗೋಡೆಗೆ ಒಂಚೂರು ಓರೆಯಾಗಿ ನಿಂತರೂ ಒಂದು ಪಕ್ಕ ಮಸುಕಾಗುತ್ತೆ, ಸರಿಯಾದ ಲೆನ್ಸ್ ವಾಪಸ್ ಹೋಗುತ್ತೆ. ಅದರ ಬದಲು ಬೆಳಿಗ್ಗೆ ತಂಪು ಹೊತ್ತಲ್ಲಿ, ಇಪ್ಪತ್ತು ಮೂವತ್ತು ಹೆಜ್ಜೆ ದೂರದ ಸಣ್ಣಕ್ಷರದ ಬೋರ್ಡ್ ಒಂದನ್ನ ಆರಿಸಿ. ಅದೇ ಬೋರ್ಡನ್ನ ಫ್ರೇಮಿನ ನಾಲ್ಕು ಮೂಲೆಗೂ ಒಂದೊಂದು ಸಲ ತಂದು, ಪ್ರತಿ ಸಲ ಅಲ್ಲೇ ಫೋಕಸ್ ಮಾಡಿ ತೆಗೀರಿ. ಐಎಸ್‌ಒ (ಬೆಳಕನ್ನ ಹಿಗ್ಗಿಸೋ ಮಟ್ಟ, ಏರಿದಷ್ಟೂ ಫೋಟೋ ಕಾಳುಕಾಳು) 100, ಎರಡು ಸೆಕೆಂಡ್ ಟೈಮರ್, ಟ್ರೈಪಾಡ್ ಮೇಲಿರೋದ್ರಿಂದ ಕೈನಡುಕ ತಡೆಯೋ ಸ್ಟೆಬಿಲೈಸರ್ ಆಫ್. 18, 50, 150 ಮೂರರಲ್ಲೂ ಒಮ್ಮೆ ಅಪರ್ಚರ್ (ಬೆಳಕು ಒಳಬರೋ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಪೂರ್ತಿ ತೆರೆದು, ಒಮ್ಮೆ ಎಫ್/8ರಲ್ಲಿ. ನಾಲ್ಕೂ ಮೂಲೆ ಒಂದೇ ಸಮ ಸ್ವಲ್ಪ ಮೆತ್ತಗಿದ್ರೆ ಕಿಟ್ ಲೆನ್ಸಿನ ಜಾಯಮಾನವೇ ಅಷ್ಟು, ಬಿಡಿ. ಮೂರು ಚೆನ್ನಾಗಿದ್ದು ಒಂದು ಮಾತ್ರ ಕಲಸಿದ್ರೆ, ಅದೂ ಎಫ್/8ರಲ್ಲೂ ಪೂರ್ತಿ ಸರಿಹೋಗದಿದ್ರೆ, ಒಳಗಿನ ಗಾಜು ಅಕ್ಷದಿಂದ ಸರಿದಿದೆ. ಮಾತಾಡದೆ ಬದಲಿಸಿಕೊಳ್ಳಿ. ಎಫ್/16ರಲ್ಲಿ ಪರೀಕ್ಷೆ ಮಾಡಿ ಗಾಬರಿ ಬೀಳಬೇಡಿ, ಈ 24 ಮೆಗಾಪಿಕ್ಸೆಲ್ ಸೆನ್ಸರ್ ಮೇಲೆ ಅಷ್ಟು ಕಿರಿದಾದ ಅಪರ್ಚರ್‌ನಲ್ಲಿ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡೀಲಿ ಬೆಳಕು ಹರಡೋದ್ರಿಂದ) ಎಲ್ಲ ಲೆನ್ಸೂ ಮೆತ್ತಗಾಗುತ್ತೆ.

ಬಾಡಿಗೆ ಬಂದ್ರೆ, ಮುಚ್ಚಳ ಹಾಕಿ ಮ್ಯಾನ್ಯುಯಲ್‌ನಲ್ಲಿ ಐಎಸ್‌ಒ 100, 1/60ಕ್ಕೆ ಒಂದು ಫೋಟೋ. ಪೂರ್ತಿ ಕಪ್ಪಿರಬೇಕು. ಇದರಲ್ಲೇ ಬಿಳಿ, ಕೆಂಪು ಚುಕ್ಕಿ ಕಂಡರೆ ದೂರು ಕೊಡಿ. ಎಂಟು ಸೆಕೆಂಡ್, ಐಎಸ್‌ಒ 1600ರಲ್ಲಿ ಒಂದಷ್ಟು ಚುಕ್ಕಿ ಬರೋದು ಸಹಜ. ಧೂಳಿಗೆ ಎಫ್/16 ಇಟ್ಟು, ಬಿಳಿ ಗೋಡೆಗೆ ಫೋಕಸ್ ತಪ್ಪಿಸಿ, ಒಂದು ಸೆಕೆಂಡ್ ಶಟರ್ ತೆರೆದಿರುವಾಗ ಕ್ಯಾಮೆರಾವನ್ನೇ ಅಲ್ಲಾಡಿಸಿ. ಗೋಡೆಯ ಕಲೆ ಅಳಿಸಿ ಹೋಗುತ್ತೆ, ಸೆನ್ಸರ್ ಮೇಲಿನದ್ದು ಮಾತ್ರ ಉಳಿಯುತ್ತೆ. ಬಿಲ್ಲು, ಡಬ್ಬ, ಬಾಡಿ, ವಾರಂಟಿ ಕಾರ್ಡ್ ನಾಲ್ಕರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯಾ ನೋಡಿ. ಇದನ್ನ ಮೊದಲೇ ಹೇಳಬೇಕಿತ್ತು.

ಬೆಟ್ಟದಡಿ_ಮಧುಗಿರಿ:

ಪರೀಕ್ಷೆ ವಿಷಯ ಹುಣಸೆಮರ ಅವರು ಹೇಳಿಯಾಯ್ತು. ಲೆನ್ಸ್ ಬಗ್ಗೆ ನನ್ನ ಓಟು ಸಿಗ್ಮಾಗೆ. ಯಾಕೆ ಅಂದ್ರೆ ನಿಮ್ಮ ಹತ್ತಿರ ಇರೋ 55-250 ನೀವು ಅಂದುಕೊಂಡಷ್ಟು ಹಿಂದಿಲ್ಲ.

ಲೆಕ್ಕ ನೋಡಿ. 400ನ್ನ 8ರಿಂದ ಭಾಗಿಸಿದ್ರೆ ಬೆಳಕು ಒಳಬರೋ ಕಿಂಡಿಯ ಅಗಲ 50 ಮಿಲಿಮೀಟರ್. 250ನ್ನ 5.6ರಿಂದ ಭಾಗಿಸಿದ್ರೆ ಸುಮಾರು 45. ಅಂದ್ರೆ ಒಂದೇ ಜಾಗದಲ್ಲಿ ನಿಂತಾಗ ಆ ಹಕ್ಕಿಯಿಂದ ಎರಡೂ ಲೆನ್ಸಿಗೆ ಬರೋ ಬೆಳಕಲ್ಲಿ ಇರೋ ವ್ಯತ್ಯಾಸ ಒಂದು ಸ್ಟಾಪಿನ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು ಅಥವಾ ಅರ್ಧ) ಮೂರನೇ ಒಂದು ಭಾಗ, ಅಷ್ಟೇ. 250ರ ಫೋಟೋವನ್ನ 400ರ ನೋಟಕ್ಕೆ ಕತ್ತರಿಸಿದ್ರೆ 24.2ರಲ್ಲಿ ಸುಮಾರು 9.4 ಮೆಗಾಪಿಕ್ಸೆಲ್ ಉಳಿಯುತ್ತೆ. ಎ4 ಅಳತೆಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಪ್ರಿಂಟ್ ಹಾಕೋಕೆ 8.7 ಸಾಕು. ಕಗ್ಗಲಡುವಿನಲ್ಲಿ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟೋದು, ಅಲ್ಲಿಗೆ 250 ಧಾರಾಳ.

ಮದುವೆ ಕಥೆ ಬೇರೆ. 18-150ನ್ನ 50ರ ಹತ್ತಿರ ತಂದ್ರೆ ಎಫ್/2.8ಕ್ಕೆ ಹೋಲಿಸಿ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಡಿಮೆ. ಮಂಟಪದಲ್ಲಿ ಸಿಗ್ಮಾ ಐಎಸ್‌ಒ 3200ಕ್ಕೆ ಮುಗಿಸೋ ಕೆಲಸಕ್ಕೆ ಕಿಟ್ ಲೆನ್ಸ್ ಹತ್ತು ಹನ್ನೆರಡು ಸಾವಿರ ಐಎಸ್‌ಒ ಕೇಳುತ್ತೆ, ಮದುಮಗಳ ಸೀರೆ ಜರಿ ಗಂಜಿಯಾಗುತ್ತೆ. 50 ಎಫ್/1.8 ಇದೆಯಲ್ಲ ಅಂತೀರಿ. ಆರ್10ರ ಸೆನ್ಸರ್ ಚಿಕ್ಕದು, ಅದರ 1.6 ಕ್ರಾಪ್ ಸೇರಿ ಆ ಲೆನ್ಸ್ ಫುಲ್‌ಫ್ರೇಮಿನ 80ರಷ್ಟು ಕಿರಿದಾದ ನೋಟ ಕೊಡುತ್ತೆ, ತುಂಬಿದ ಮಂಟಪದಲ್ಲಿ ಹಿಂದೆ ಹೋಗೋಕೆ ಜಾಗ ಎಲ್ಲಿ? ಮೇಲಾಗಿ ಎರಡು ಮೀಟರ್ ದೂರದಲ್ಲಿ 1.8ಕ್ಕೆ ಸಿಗೋ ಫೋಕಸ್ ಆಳ ಹತ್ತು ಹನ್ನೊಂದು ಸೆಂಟಿಮೀಟರ್. ಗಂಡು ಚೂಪಾದ್ರೆ ಹೆಣ್ಣು ಮಸುಕು.

ಬಣ್ಣದ_ಕೊಕ್ಕರೆ:

ಮೇಲಿನ ಲೆಕ್ಕ ಸರಿ, ತೀರ್ಮಾನ ಒಪ್ಪಲ್ಲ. ಮೈದನಹಳ್ಳಿ ಹುಲ್ಲುಗಾವಲಲ್ಲಿ ಕೃಷ್ಣಮೃಗ ಹತ್ತಿರ ನಿಲ್ಲಲ್ಲ. ಅಲ್ಲಿ 400ರಲ್ಲಿ ತೆಗೆದಿದ್ದನ್ನೂ ಅರ್ಧಕ್ಕೆ ಕತ್ತರಿಸೋ ಸಂದರ್ಭ ಬರುತ್ತೆ. ಅದನ್ನೇ 250ರಲ್ಲಿ ತೆಗೆದಿದ್ರೆ ಐದು ಮೆಗಾಪಿಕ್ಸೆಲ್ಲೂ ಕೈಗೆ ಹತ್ತಲ್ಲ. ಹಾರೋ ಹಕ್ಕಿಗೆ 100-400ರ ಯುಎಸ್‌ಎಂ ಮೋಟರ್ ಬೇಗ ಫೋಕಸ್ ಹಿಡಿಯುತ್ತೆ, 55-250ರ ಎಸ್‌ಟಿಎಂ ಒಂದು ಹೆಜ್ಜೆ ಹಿಂದೆ. ಎಫ್/8 ಅಂದ ತಕ್ಷಣ ಡಿಎಸ್‌ಎಲ್‌ಆರ್ ಕಾಲದ ಹಾಗೆ ಫೋಕಸ್ ಹಿಡಿಯಲ್ಲ ಅನ್ನೋ ಭಯ ಬೇಡ, ಆರ್10ನಂಥ ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಫೋಕಸ್ ಮಾಡೋದು ಸೆನ್ಸರ್ರೇ, ಎಫ್/8ಕ್ಕೆ ಕೈಕೊಡಲ್ಲ.

ಬೆಳಕಿನ ಅಂದಾಜು ಮಾತ್ರ ಇಟ್ಕೊಳ್ಳಿ. ಪೂರ್ತಿ ಬಿಸಿಲಲ್ಲಿ ಎಫ್/8, 1/1600ಕ್ಕೆ ಐಎಸ್‌ಒ 400 ಸಾಕು. ಸೂರ್ಯ ಹುಟ್ಟಿದ ಹೊಸತರಲ್ಲಿ ನಾಲ್ಕು ಸ್ಟಾಪ್ ಕಡಿಮೆ ಅಂತಿಟ್ಟುಕೊಂಡ್ರೆ ಅದೇ ಫೋಟೋಗೆ 6400. ತಂಪು ಹೊತ್ತಲ್ಲಿ ಬೆಳಕಿಲ್ಲ, ಬೆಳಕು ಬಂದಾಗ ಝಳ. ನಡುವೆ ಸಿಗೋ ಒಂದೂವರೆ ಗಂಟೆಯೇ ಎಲ್ಲ. ನಿಂತ ಪ್ರಾಣಿಗೆ 1/400ಕ್ಕೆ ಇಳಿಸಿ, ಎರಡು ಸ್ಟಾಪ್ ಉಳಿಯುತ್ತೆ. ಆಕಾಶದ ಎದುರಿನ ಕೊಕ್ಕರೆಗೆ +1, ಕಡು ಎಲೆಗಳ ಮುಂದೆ ಬಿಸಿಲಲ್ಲಿ ನಿಂತ ಬಿಳಿ ಹಕ್ಕಿಗೆ −2/3 ಎಕ್ಸ್‌ಪೋಶರ್ ಕಾಂಪನ್ಸೇಶನ್ (ಕ್ಯಾಮೆರಾದ ಅಳತೆಗಿಂತ ಫೋಟೋ ಬೆಳಗಿಸೋಕೆ +, ಕಪ್ಪಾಗಿಸೋಕೆ −).

ಆ ಲೆನ್ಸಿನ ಕೊರತೆಗಳೂ ಗೊತ್ತಿರಲಿ. ತೂಕ 635 ಗ್ರಾಂ, ಕುತ್ತಿಗೆಗೆ ಹಗುರ, ಆದ್ರೆ ಧೂಳು-ಮಳೆಗೆ ರಕ್ಷಣೆಯ ಸೀಲ್ ಇಲ್ಲ. ಜೂಮ್ ಮಾಡಿದಾಗ ಮುಂದೆ ಚಾಚೋ ಲೆನ್ಸ್ ಗಾಳಿ ಜೊತೆ ಧೂಳನ್ನೂ ಎಳೆಯುತ್ತೆ. ಓರೆ ಬೆಳಕು ತಡೆಯೋ ಹುಡ್ ಡಬ್ಬದಲ್ಲಿ ಬರಲ್ಲ, ಬೇರೆ ತಗೋಬೇಕು. ಅಗ್ಗದ ಯುವಿ ಫಿಲ್ಟರ್ ಹಾಕಿ ಆಮೇಲೆ 400ರಲ್ಲಿ ಮಸುಕು ಅಂತ ಇಲ್ಲಿ ಬರಬೇಡಿ!

ಮದುವೆಗೆ ಒಂದು ಸ್ಪೀಡ್‌ಲೈಟ್ (ಕ್ಯಾಮೆರಾ ಮೇಲೆ ಕೂರಿಸೋ ಫ್ಲಾಶ್) ಬಾಡಿಗೆಗೆ ತಂದು ಬಿಳಿ ಸೀಲಿಂಗಿಗೆ ಹೊಡೆದ್ರೆ ಕಿಟ್ ಲೆನ್ಸೇ ಸಾಕು.

ಬೆಟ್ಟದಡಿ_ಮಧುಗಿರಿ:

ಮಂಟಪದಲ್ಲಿ ಬಿಳಿ ಸೀಲಿಂಗ್ ಸಿಕ್ಕರೆ ತಾನೆ! ಶಾಮಿಯಾನದ ಕೆಂಪು-ಹಳದಿ ಬಟ್ಟೆಗೆ ಹೊಡೆದ ಫ್ಲಾಶ್ ಎಲ್ಲರ ಮುಖಕ್ಕೂ ಅರಿಶಿನ ಶಾಸ್ತ್ರ ಮಾಡುತ್ತೆ. ಕೃಷ್ಣಮೃಗವೇ ಮುಖ್ಯ ಅಂದ್ರೆ ಮಾತ್ರ 100-400, ಅಷ್ಟನ್ನ ಒಪ್ಕೋತೀನಿ.

ಯಾವ ಲೆನ್ಸಾದರೂ ಮಂಟಪದಲ್ಲಿ ಎಲೆಕ್ಟ್ರಾನಿಕ್ ಶಟರ್ ಮುಟ್ಟಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಕಡಿಮೆ ದರ್ಜೆಯ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಸೆನ್ಸರ್ ಸಾಲುಸಾಲಾಗಿ ಓದೋದ್ರಿಂದ ಫೋಟೋ ತುಂಬ ಅಡ್ಡಪಟ್ಟೆ ಬೀಳುತ್ತೆ. ಮೆಕ್ಯಾನಿಕಲ್ ಶಟರ್, 1/100 ಇಡಿ. ಅಕ್ಷತೆ ಎರಚೋ ಹೊತ್ತಿಗೆ 1/250 ಬೇಕಾದಾಗ ಮಿಣುಕಿಗೆ ಹೊಂದಿಸಿ ಕ್ಲಿಕ್ ಮಾಡೋ ಆಂಟಿ-ಫ್ಲಿಕರ್ ಆನ್ ಮಾಡಿ, ಕ್ಲಿಕ್ ಒಂಚೂರು ತಡವಾಗುತ್ತೆ, ಪರವಾಗಿಲ್ಲ. ಸಿಗ್ಮಾದಲ್ಲೂ ಈ ಬಾಡಿಯಲ್ಲೂ ಸ್ಟೆಬಿಲೈಸರ್ ಇಲ್ಲ ಅನ್ನೋದು ನೆನಪಿರಲಿ: ಫೋಟೋಗೆ ತೊಂದರೆ ಇಲ್ಲ, ಕೈಯಲ್ಲಿ ಹಿಡಿದು ವಿಡಿಯೋ ಮಾಡಿದ್ರೆ ನಡುಗುತ್ತೆ. ವಿಡಿಯೋಗೆ 18-150 ಹಾಕ್ಕೊಳ್ಳಿ.

ಕ್ಯಾತ್ಸಂದ್ರ_ಕ್ಲಿಕ್:

ಇಬ್ಬರ ಜಗಳದಿಂದ ನನಗೆ ಲಾಭ ಆಯ್ತು. ಹತ್ತು ಫೋಟೋ ಪರೀಕ್ಷೆಯಲ್ಲಿ ಒಂದೊಂದೂ ಒಂದೊಂದು ಥರ ಬಂತು, ನಾಲ್ಕು ಮೂಲೆ ಸಮ ಇವೆ. ಲೆನ್ಸ್ ನಿರಪರಾಧಿ. ಸದ್ಯ ಅಡಾಪ್ಟರ್ ತಂದು 55-250ನ್ನ ಕಗ್ಗಲಡುವಿನಲ್ಲಿ ನೋಡ್ತೀನಿ, ಆಮೇಲೆ ಲೆನ್ಸ್. ಹಳೇ ಲೆನ್ಸಿಗೆ ಬೇರೆ ಏನಾದ್ರೂ ಸೆಟ್ಟಿಂಗ್ ಬೇಕಾ?

ಹುಣಸೆಮರ:

ಸೆಟ್ಟಿಂಗ್ ಏನೂ ಬೇಡ. ಅಡಾಪ್ಟರ್ ಒಳಗೆ ಗಾಜಿಲ್ಲ, ಹಾಗಾಗಿ ಚೂಪು ಕಡಿಮೆ ಆಗಲ್ಲ. ಎರರ್ 01 ಬಂದ್ರೆ ಲೆನ್ಸಿಗೂ ಕ್ಯಾಮೆರಾಕ್ಕೂ ಮಾತುಕತೆ ನಿಂತಿದೆ ಅಂತ ಅರ್ಥ. ಆಫ್ ಮಾಡಿ, ಚಿನ್ನದ ಬಣ್ಣದ ಪಿನ್‌ಗಳನ್ನ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬಹಳ ವರ್ಷ ಡಬ್ಬದಲ್ಲಿದ್ದ ಲೆನ್ಸಿಗೆ ಇದು ಮಾಮೂಲು. 50ನ್ನ 1.8ರಲ್ಲಿ ಬಿಸಿಲಿಗೆ ಬಳಸುವಾಗ ಶಟರ್ ಮೋಡನ್ನ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್‌ನಿಂದ (ಶಟರ್ ತೆರೆಯೋದು ಮಾತ್ರ ಎಲೆಕ್ಟ್ರಾನಿಕ್ ಆಗೋ ಬಗೆ) ಮೆಕ್ಯಾನಿಕಲ್‌ಗೆ ತಿರುಗಿಸಿ, ಇಲ್ಲದಿದ್ರೆ 1/2000ರ ಮೇಲೆ ಹಿನ್ನೆಲೆಯ ಬೆಳಕಿನ ಉಂಡೆಗಳು ಅರ್ಧ ಕತ್ತರಿಸಿದಂತೆ ಬರಬಹುದು.

ಲೆನ್ಸ್ ಬದಲಿಸೋದು ಕಾರಿನೊಳಗೆ, ಫ್ಯಾನ್ ಆಫ್ ಮಾಡಿ, ಬಾಡಿ ಬಾಯಿ ಕೆಳಗೆ. ಶಿರಾ ಕಡೆಯ ಕೆಂಪು ಧೂಳು ಸೆನ್ಸರ್ ಮೇಲೆ ಕೂತ್ರೆ ಬಾಯಲ್ಲಿ ಊದಬೇಡಿ, ಎಂಜಲು ಹಾರಿದ್ರೆ ಕಲೆ ಆಗುತ್ತೆ. ರಬ್ಬರ್ ಬ್ಲೋವರ್ ಒಂದು ಬ್ಯಾಗಲ್ಲಿರಲಿ.